ಕೊಪ್ಪಳ ಜಿಲ್ಲೆಯಲ್ಲಿ ಸಿಹಿನೀರಿನ ಮಾದರಿ ಸಂಗ್ರಹಣೆ ಮತ್ತು ಗುಣಮಟ್ಟದ ನಿಗಾ

ನೀರಿನ ಗುಣಮಟ್ಟದ ನಿಗಾ ಎಂದರೆ ನದಿ, ಕೆರೆ, ಕಾಲುವೆ, ಬಾವಿ, ಕೊಳವೆಬಾವಿ ಮತ್ತು ನಲ್ಲಿಗಳ ನೀರನ್ನು ಗೊತ್ತುಪಡಿಸಿದ ಸ್ಥಳಗಳಲ್ಲಿ, ಗೊತ್ತುಪಡಿಸಿದ ಕಾಲಗಳಲ್ಲಿ, ಒಂದೇ ವಿಧಾನದಿಂದ ಮತ್ತೆ ಮತ್ತೆ ಪರೀಕ್ಷಿಸಿ, ದೊರೆತ ಅಂಕಿಗಳನ್ನು ಒಂದು ನಿರ್ಧಾರಕ್ಕಾಗಿ ಬಳಸುವ ಕ್ರಮವಾಗಿದೆ. ಪರೀಕ್ಷೆಗಾಗಿ ಜಲಮೂಲದಿಂದ ತೆಗೆಯುವ ಅಲ್ಪ ಪ್ರಮಾಣದ ನೀರನ್ನು ಮಾದರಿ ಎಂದು ಕರೆಯಲಾಗುತ್ತದೆ. ಪ್ರಯೋಗಾಲಯವು ಎಷ್ಟೇ ಸುಸಜ್ಜಿತವಾಗಿದ್ದರೂ ತನ್ನ ಮುಂದಿರುವ ಸೀಸೆಯ ನೀರನ್ನು ಮಾತ್ರ ಅಳೆಯಬಲ್ಲದು. ಆ ಸೀಸೆಯ ನೀರು ಊರಿನ ಜನರು ಕುಡಿಯುವ ನೀರನ್ನು ಪ್ರತಿನಿಧಿಸುತ್ತದೆಯೇ ಎಂಬುದು ಮಾದರಿ ತೆಗೆದ ಸ್ಥಳ, ಸಮಯ ಮತ್ತು ವಿಧಾನವನ್ನು ಅವಲಂಬಿಸಿರುತ್ತದೆ. ಕೊಳವೆಬಾವಿಯ ಫ್ಲೋರೈಡ್, ನಲ್ಲಿಯ ನೀರಿನ ರೋಗಾಣು ಮತ್ತು ಕಾಲುವೆಯ ನೀರಿನ ಋತುಮಾನದ ಏರಿಳಿತ ಎಂಬ ಮೂರು ಭಿನ್ನ ಸಮಸ್ಯೆಗಳು ಒಂದೇ ಕಡೆ ಸೇರಿರುವುದರಿಂದ ಕರ್ನಾಟಕದ ಕೊಪ್ಪಳ ಜಿಲ್ಲೆಯು ಈ ವಿಷಯವನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

ಜಿಲ್ಲೆಯ ಜಲಮೂಲಗಳು

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಂದಿಗೆ ರಚನೆಯಾಯಿತು. ಕನಕಗಿರಿ, ಕಾರಟಗಿ ಮತ್ತು ಕುಕನೂರು ನಂತರ ತಾಲ್ಲೂಕುಗಳಾದವು. ಜಿಲ್ಲೆಯು ಮಳೆ ಕಡಿಮೆ ಇರುವ ಒಣ ಬಯಲು ಪ್ರದೇಶದಲ್ಲಿದ್ದು, ಇಲ್ಲಿನ ಜಲಮೂಲಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯು ಮುನಿರಾಬಾದ್ ಬದಿಯಿಂದ ಹೊರಟು ಗಂಗಾವತಿ ಮತ್ತು ಕಾರಟಗಿ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸಿ ರಾಯಚೂರು ಜಿಲ್ಲೆಯತ್ತ ಸಾಗುತ್ತದೆ. ಈ ಭಾಗದ ಅನೇಕ ಊರುಗಳು ಕುಡಿಯುವ ನೀರಿಗೂ ನದಿ ಅಥವಾ ಕಾಲುವೆಯನ್ನು ಆಶ್ರಯಿಸಿವೆ. ಕಾಲುವೆಯಲ್ಲಿ ನೀರು ನಿಲ್ಲುವ ತಿಂಗಳುಗಳಿಗಾಗಿ ಕೆರೆಗಳಲ್ಲಿ ನೀರು ತುಂಬಿಸಿಡುವ ಪದ್ಧತಿಯಿದೆ.

ಉತ್ತರದ ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳಲ್ಲಿ, ಹಾಗೆಯೇ ಕನಕಗಿರಿಯ ಒಣ ಪ್ರದೇಶದಲ್ಲಿ, ಬಹುಕಾಲ ಕೊಳವೆಬಾವಿಗಳೇ ಕುಡಿಯುವ ನೀರಿನ ಮುಖ್ಯ ಆಧಾರವಾಗಿದ್ದವು. ಇಲ್ಲಿ ನೆಲದಡಿಯ ಶಿಲೆಗಳು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಜಾತಿಯವು. ಈ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಸೇರುತ್ತದೆ. ಕ್ಷಾರೀಯವಾದ, ಕ್ಯಾಲ್ಸಿಯಂ ಕಡಿಮೆಯಿರುವ, ಬಹುಕಾಲ ಶಿಲೆಯ ಬಿರುಕಿನಲ್ಲಿ ನಿಂತಿರುವ ನೀರಿನಲ್ಲಿ ಇದರ ಪ್ರಮಾಣ ಹೆಚ್ಚುತ್ತದೆ. ಈ ಕಾರಣದಿಂದ ಕುಷ್ಟಗಿ–ಯಲಬುರ್ಗಾ ಭಾಗಕ್ಕೆ ಕೃಷ್ಣಾ ನದಿಯ ನೀರನ್ನು ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯನ್ನು ಕೈಗೊಳ್ಳಲಾಯಿತು.

ನಿಗಾದ ಅಗತ್ಯ

ಫ್ಲೋರೈಡ್‌ಗೆ ಬಣ್ಣ, ವಾಸನೆ ಅಥವಾ ರುಚಿ ಇಲ್ಲ. ತಿಳಿಯಾದ ನೀರಿನಲ್ಲೂ ಅದು ಮಿತಿಮೀರಿ ಇರಬಹುದು. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಮೂಡುವ ಕಂದು ಕಲೆಗಳು ತಾವಾಗಿ ಮಾಯವಾಗುವುದಿಲ್ಲ. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಸೇರಿದರೆ ಮೂಳೆ ಮತ್ತು ಕೀಲುಗಳು ಬಿಗಿಯಾಗುತ್ತವೆ. ಭಾರತದಲ್ಲಿ ಈ ಕಾಯಿಲೆಯನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ ಮೊದಲಿಗೆ ವೈದ್ಯಕೀಯವಾಗಿ ದಾಖಲಿಸಲಾಯಿತು. ನೀರನ್ನು ಕುದಿಸುವುದರಿಂದಾಗಲಿ ಕ್ಲೋರಿನ್ ಹಾಕುವುದರಿಂದಾಗಲಿ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುವುದರಿಂದ ಅದರ ಸಾಂದ್ರತೆ ಸ್ವಲ್ಪ ಹೆಚ್ಚಾಗುತ್ತದೆ.

ರೋಗಾಣುಗಳ ಸ್ವಭಾವ ಇದಕ್ಕೆ ವಿರುದ್ಧವಾದುದು. ಅವು ಕೆಲವೇ ಗಂಟೆಗಳಲ್ಲಿ ನೀರಿಗೆ ಸೇರಿ ಕೆಲವೇ ದಿನಗಳಲ್ಲಿ ಜೀವಹಾನಿ ಮಾಡಬಲ್ಲವು. 2023ರ ಜೂನ್ ತಿಂಗಳ ಆಸುಪಾಸಿನಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್ ಹಾಗೂ ಕನಕಗಿರಿ ತಾಲ್ಲೂಕಿನ ಬಸರಿಹಾಳ ಗ್ರಾಮಗಳಲ್ಲಿ ವಾಂತಿ–ಭೇದಿ ಕಾಣಿಸಿಕೊಂಡು ಸಾವುಗಳು ವರದಿಯಾದವು. ಕಲುಷಿತ ಕುಡಿಯುವ ನೀರು ಕಾರಣವೆಂಬ ಶಂಕೆಯಿಂದ ಸರ್ಕಾರವು ತನಿಖೆಗೆ ಸೂಚಿಸಿತು. ಸಾಮಾನ್ಯವಾಗಿ ಇಂತಹ ಮಾಲಿನ್ಯವು ಒಡೆದ ಕೊಳವೆ, ಚರಂಡಿಯೊಳಗೆ ಹಾದುಹೋಗುವ ನಲ್ಲಿಯ ಪೈಪು, ಸ್ವಚ್ಛಗೊಳಿಸದ ತೊಟ್ಟಿ ಮುಂತಾದ ಮಾರ್ಗಗಳಿಂದ ಸೇರುತ್ತದೆ. ನೀರು ಬಿಡದ ಹೊತ್ತಿನಲ್ಲಿ ಪೈಪಿನ ಒತ್ತಡ ಇಳಿಯುವುದರಿಂದ ಹೊರಗಿನ ಕೊಳೆನೀರು ಬಿರುಕಿನ ಮೂಲಕ ಒಳಗೆ ಹೀರಲ್ಪಡುತ್ತದೆ. ಆದುದರಿಂದ ಮೂಲದಲ್ಲಿ ಶುದ್ಧವಾಗಿದ್ದ ನೀರು ಮನೆಯ ನಲ್ಲಿಯಲ್ಲಿ ಶುದ್ಧವಾಗಿರಲೇಬೇಕೆಂದಿಲ್ಲ.

ಫ್ಲೋರೈಡ್ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ರೋಗಾಣುವಿನಿಂದ ಮುಕ್ತವೆಂದೂ, ರೋಗಾಣುವಿಲ್ಲದ ನೀರು ಫ್ಲೋರೈಡ್‌ನಿಂದ ಮುಕ್ತವೆಂದೂ ಹೇಳಲಾಗದು. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಮೊದಲು ನಿರ್ಧರಿಸದೆ ತೆಗೆದ ಮಾದರಿಯು ಹಲವು ವೇಳೆ ಯಾವ ಪ್ರಶ್ನೆಗೂ ಉತ್ತರ ನೀಡುವುದಿಲ್ಲ.

ಮಾನದಂಡಗಳು

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐಎಸ್ 10500 (2012) ಎಂಬುದು ಕುಡಿಯುವ ನೀರಿನ ಮಾನದಂಡವಾಗಿದೆ. ಇದರಲ್ಲಿ ಅಪೇಕ್ಷಣೀಯ ಮಿತಿ ಮತ್ತು ಬೇರೆ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಗರಿಷ್ಠ ಮಿತಿ ಎಂಬ ಎರಡು ಹಂತಗಳಿವೆ. ಜಿಲ್ಲೆಗೆ ಮುಖ್ಯವಾದ ಕೆಲವು ಮಿತಿಗಳು ಹೀಗಿವೆ:

- ಪಿಎಚ್: 6.5ರಿಂದ 8.5
- ಕರಗಿದ ಒಟ್ಟು ಲವಣಗಳು (ಟಿಡಿಎಸ್): ಲೀಟರಿಗೆ 500 ಮಿ.ಗ್ರಾಂ., ಗರಿಷ್ಠ 2000 ಮಿ.ಗ್ರಾಂ.
- ಒಟ್ಟು ಗಡಸುತನ: ಲೀಟರಿಗೆ 200 ಮಿ.ಗ್ರಾಂ., ಗರಿಷ್ಠ 600 ಮಿ.ಗ್ರಾಂ.
- ಕ್ಲೋರೈಡ್: ಲೀಟರಿಗೆ 250 ಮಿ.ಗ್ರಾಂ., ಗರಿಷ್ಠ 1000 ಮಿ.ಗ್ರಾಂ.
- ಫ್ಲೋರೈಡ್: ಲೀಟರಿಗೆ 1.0 ಮಿ.ಗ್ರಾಂ., ಗರಿಷ್ಠ 1.5 ಮಿ.ಗ್ರಾಂ.
- ನೈಟ್ರೇಟ್: ಲೀಟರಿಗೆ 45 ಮಿ.ಗ್ರಾಂ., ಸಡಿಲಿಕೆ ಇಲ್ಲ
- ಇ. ಕೋಲಿ: 100 ಮಿ.ಲೀ. ನೀರಿನಲ್ಲಿ ಒಂದೂ ಕಾಣಬಾರದು

ನದಿ, ಕೆರೆಗಳಂತಹ ಮೇಲ್ಮೈ ನೀರನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಅದರ ಉಪಯೋಗಕ್ಕೆ ತಕ್ಕಂತೆ ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಉದಾಹರಣೆಗೆ, ಸಾಂಪ್ರದಾಯಿಕ ಶುದ್ಧೀಕರಣದ ನಂತರ ಕುಡಿಯಲು ಬಳಸುವ ಸಿ ವರ್ಗದ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ ಕನಿಷ್ಠ 4 ಮಿ.ಗ್ರಾಂ. ಇರಬೇಕು ಮತ್ತು ಜೈವಿಕ ಆಮ್ಲಜನಕ ಬೇಡಿಕೆಯು 3 ಮಿ.ಗ್ರಾಂ. ಮೀರಬಾರದು.

ಮಾದರಿ ತೆಗೆಯುವ ವಿಧಾನ

ಕೊಳವೆಬಾವಿ ಮತ್ತು ಕೈಪಂಪು

ಬಳಸದೆ ನಿಂತ ಕೊಳವೆಬಾವಿಯೊಳಗಿನ ನೀರು ಕೊಳವೆಯ ತುಕ್ಕು ಮತ್ತು ಗಾಳಿಯ ಸಂಪರ್ಕದಿಂದ ಬದಲಾಗಿರುತ್ತದೆ. ಶಿಲೆಯಿಂದ ಬರುವ ಹೊಸ ನೀರು ದೊರೆಯುವವರೆಗೆ ನಿಂತ ನೀರನ್ನು ಹೊರಹಾಕಬೇಕು. ಒಳಗಿರುವ ನೀರಿನ ಮೂರು ಪಟ್ಟನ್ನು ಹೊರಹಾಕುವುದು ಅಥವಾ ಉಷ್ಣತೆ, ಪಿಎಚ್ ಮತ್ತು ವಿದ್ಯುದ್ವಾಹಕತೆಗಳ ಅಳತೆ ಸ್ಥಿರವಾಗುವವರೆಗೆ ಪಂಪು ನಡೆಸುವುದು ರೂಢಿಯಲ್ಲಿದೆ. ಆರೂವರೆ ಅಂಗುಲ (ಸುಮಾರು 165 ಮಿ.ಮೀ.) ವ್ಯಾಸದ ಕೊಳವೆಬಾವಿಯಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. ನೀರಿನ ಕಂಬ 40 ಮೀಟರ್ ಇದ್ದರೆ ಒಟ್ಟು ಸುಮಾರು 850 ಲೀಟರ್ ಆಗುತ್ತದೆ. ಅದರ ಮೂರು ಪಟ್ಟು ಎಂದರೆ ಸುಮಾರು 2,550 ಲೀಟರ್. ಸೆಕೆಂಡಿಗೆ ಒಂದು ಲೀಟರ್ ಎತ್ತುವ ಪಂಪಿಗೆ ಇದು 40 ನಿಮಿಷಕ್ಕೂ ಮೀರಿದ ಕೆಲಸ. ದಿನವಿಡೀ ಬಳಕೆಯಲ್ಲಿರುವ ಕೈಪಂಪು ಅಥವಾ ಕೊಳವೆಬಾವಿಗೆ ಕೆಲವು ನಿಮಿಷಗಳ ಹರಿವು ಸಾಕು.

ನಲ್ಲಿ

ಪ್ರಶ್ನೆಗೆ ತಕ್ಕಂತೆ ವಿಧಾನ ಬದಲಾಗುತ್ತದೆ. ಊರಿಗೆ ಬರುವ ನೀರು ಹೇಗಿದೆ ಎಂದು ತಿಳಿಯಲು ನಲ್ಲಿಯ ಬಾಯಿಯನ್ನು ಒರೆಸಿ, ಲೋಹದ ನಲ್ಲಿಯಾದರೆ ಜ್ವಾಲೆಯಿಂದ ಕಾಯಿಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಮಾದರಿ ತೆಗೆಯಬೇಕು. ಜನರು ನಿಜವಾಗಿ ಏನನ್ನು ಕುಡಿಯುತ್ತಿದ್ದಾರೆ ಎಂದು ತಿಳಿಯಲು ನಲ್ಲಿಯನ್ನು ಸ್ವಚ್ಛಗೊಳಿಸದೆ, ಅಥವಾ ಮನೆಯ ಕೊಡದಿಂದಲೇ, ಮಾದರಿ ತೆಗೆಯಬೇಕಾಗುತ್ತದೆ. ಈ ಎರಡರಲ್ಲಿ ಯಾವುದನ್ನು ಅನುಸರಿಸಲಾಯಿತೆಂದು ದಾಖಲಿಸದಿದ್ದರೆ ಫಲಿತಾಂಶವನ್ನು ಅರ್ಥೈಸಲಾಗದು.

ನದಿ ಮತ್ತು ಕಾಲುವೆ

ದಡದ ಬಳಿಯ ನಿಂತ ನೀರು ನದಿಯನ್ನು ಪ್ರತಿನಿಧಿಸುವುದಿಲ್ಲ. ಹರಿವಿನ ನಡುಭಾಗದಲ್ಲಿ, ಮೇಲ್ಮೈಯಿಂದ 20ರಿಂದ 30 ಸೆಂ.ಮೀ. ಕೆಳಗೆ, ಸೀಸೆಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು ನೀರು ತುಂಬಿಸಬೇಕು. ತೆಗೆಯುವವರು ಮಾದರಿಯ ಸ್ಥಳಕ್ಕಿಂತ ಕೆಳಹರಿವಿನಲ್ಲಿ ನಿಂತರೆ ಕಾಲಿನಿಂದ ಕದಡಿದ ಕೆಸರು ಸೀಸೆಗೆ ಸೇರುವುದಿಲ್ಲ. ನೀರು ಆಳವಾಗಿದ್ದರೆ ನೀರಿಗೆ ಇಳಿಯದೆ, ಸೇತುವೆಯ ಮೇಲಿನಿಂದ ತೂಕ ಕಟ್ಟಿದ ಸೀಸೆಯನ್ನು ಇಳಿಬಿಡುವುದು ಸುರಕ್ಷಿತ.

ಕೆರೆ ಮತ್ತು ಜಲಾಶಯ

ನಿಂತ ನೀರಿನಲ್ಲಿ ಮೇಲ್ಪದರ ಬೆಚ್ಚಗೂ ತಳಪದರ ತಂಪಾಗಿಯೂ ಇದ್ದು ಎರಡೂ ಬೆರೆಯದೆ ಉಳಿಯಬಹುದು. ಮೇಲೆ ಆಮ್ಲಜನಕ ಸಾಕಷ್ಟಿದ್ದರೂ ತಳದಲ್ಲಿ ಕಡಿಮೆಯಿರಬಹುದು. ಆದ್ದರಿಂದ ಬೇರೆ ಬೇರೆ ಆಳಗಳಲ್ಲಿ ಮಾದರಿ ತೆಗೆಯಲಾಗುತ್ತದೆ. ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷಗಳಲ್ಲಿ ಪಾಚಿಯಿಂದ ಹಸಿರು ಬಣ್ಣಕ್ಕೆ ತಿರುಗಿದ್ದುಂಟು. ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ ಮತ್ತು ರಾತ್ರಿ ಬಳಸಿಕೊಳ್ಳುತ್ತದೆ. ಮಧ್ಯಾಹ್ನ ಮಾತ್ರ ಅಳೆದರೆ ನೀರು ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ.

ಸೀಸೆ, ಸಂರಕ್ಷಣೆ ಮತ್ತು ಕಾಲಮಿತಿ

ಸೀಸೆಗೆ ತುಂಬಿದ ನಂತರವೂ ನೀರು ಬದಲಾಗುತ್ತಲೇ ಇರುತ್ತದೆ. ಆದುದರಿಂದ ಪ್ರತಿ ಪರೀಕ್ಷೆಗೂ ಪ್ರತ್ಯೇಕ ನಿಯಮವಿದೆ.

- ಫ್ಲೋರೈಡ್: ಸ್ವಚ್ಛ ಪ್ಲಾಸ್ಟಿಕ್ ಸೀಸೆ ಸಾಕು, ರಾಸಾಯನಿಕ ಬೇಡ. 28 ದಿನಗಳವರೆಗೆ ಇಡಬಹುದು.
- ನೈಟ್ರೇಟ್: 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷಿಸಬೇಕು.
- ಲೋಹಗಳು: ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕು. ಇಲ್ಲವಾದರೆ ಲೋಹವು ಸೀಸೆಯ ಗೋಡೆಗೆ ಅಂಟಿಕೊಳ್ಳುತ್ತದೆ.
- ಕರಗಿದ ಆಮ್ಲಜನಕ: ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಸ್ಥಳದಲ್ಲೇ ಅಳೆಯಬೇಕು ಅಥವಾ ರಾಸಾಯನಿಕ ಸೇರಿಸಿ ಸ್ಥಿರಗೊಳಿಸಬೇಕು.
- ರೋಗಾಣು: ಕ್ರಿಮಿಶುದ್ಧಗೊಳಿಸಿದ ಸೀಸೆಯಲ್ಲಿ ತೆಗೆದು, ಬೆಳಕು ತಾಗದಂತೆ ಮಂಜಿನ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ ಪರೀಕ್ಷಿಸಬೇಕು. 24 ಗಂಟೆ ಮೀರಬಾರದು.

ರಾಸಾಯನಿಕ ಪರೀಕ್ಷೆಯ ಸಾಮಾನ್ಯ ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬುತ್ತಾರೆ. ರೋಗಾಣು ಪರೀಕ್ಷೆಯ ಸೀಸೆಯನ್ನು ತೊಳೆಯಬಾರದು, ಮುಚ್ಚಳದ ಒಳಭಾಗವನ್ನು ಮುಟ್ಟಬಾರದು ಮತ್ತು ಮೇಲೆ ಸ್ವಲ್ಪ ಜಾಗ ಖಾಲಿ ಬಿಡಬೇಕು. ಕ್ಲೋರಿನ್ ಹಾಕಿದ ನೀರಾದರೆ ಸೀಸೆಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ಪ್ರಯೋಗಾಲಯಕ್ಕೆ ಸಾಗಿಸುವಾಗಲೂ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತಲೇ ಇದ್ದು, ಕಲುಷಿತ ನೀರು ಶುದ್ಧವೆಂದು ವರದಿಯಾಗುವ ಸಾಧ್ಯತೆಯಿದೆ.

ಉಷ್ಣತೆ, ಪಿಎಚ್, ವಿದ್ಯುದ್ವಾಹಕತೆ ಮತ್ತು ಉಳಿಕೆ ಕ್ಲೋರಿನ್‌ಗಳನ್ನು ಸ್ಥಳದಲ್ಲೇ ಅಳೆಯಬೇಕು. ಪ್ರತಿ ಸೀಸೆಯ ಮೇಲೆ ಸಂಕೇತ ಸಂಖ್ಯೆ, ಸ್ಥಳ, ದಿನಾಂಕ, ಗಂಟೆ ಮತ್ತು ತೆಗೆದವರ ಹೆಸರನ್ನು ಅಳಿಸದ ಶಾಯಿಯಲ್ಲಿ ಬರೆಯಬೇಕು. ಹವಾಮಾನ, ಹತ್ತಿರದ ಚರಂಡಿ ಅಥವಾ ತಿಪ್ಪೆ, ನೀರು ಬಿಟ್ಟ ವೇಳೆ ಮುಂತಾದ ವಿವರಗಳನ್ನು ಪುಸ್ತಕದಲ್ಲಿ ದಾಖಲಿಸಬೇಕು.

ಕ್ಷೇತ್ರ ಪರೀಕ್ಷಾ ಕಿಟ್

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ (ಕರ್ನಾಟಕದಲ್ಲಿ ಮನೆಮನೆಗೆ ಗಂಗೆ) ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ಅವಕಾಶವಿದೆ. ಕಿಟ್‌ನಲ್ಲಿ ಬಣ್ಣ ಬದಲಾವಣೆಯನ್ನು ಪಟ್ಟಿಯೊಂದಿಗೆ ಹೋಲಿಸಿ ಫ್ಲೋರೈಡ್, ನೈಟ್ರೇಟ್, ಗಡಸುತನ ಮೊದಲಾದವನ್ನು ಅಂದಾಜು ಮಾಡಲಾಗುತ್ತದೆ. ಮಲಮಾಲಿನ್ಯವನ್ನು ಪತ್ತೆಹಚ್ಚಲು ಬಳಸುವ ಎಚ್2ಎಸ್ ಸೀಸೆಯ ವಿಧಾನವನ್ನು 1982ರಲ್ಲಿ ಭಾರತೀಯ ವಿಜ್ಞಾನಿಗಳಾದ ಮಂಜ ಮತ್ತು ಸಂಗಡಿಗರು ಪ್ರಕಟಿಸಿದರು. ನೀರು ಕಪ್ಪಾದರೆ ಮಾಲಿನ್ಯದ ಶಂಕೆಯಿದೆ ಎಂದರ್ಥ. ಕಿಟ್‌ನ ಫಲಿತಾಂಶವು ಎಚ್ಚರಿಕೆಯ ಸೂಚನೆಯೇ ಹೊರತು ಅಂತಿಮ ತೀರ್ಪಲ್ಲ. ಶಂಕೆ ಮೂಡಿದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆದರೆ ರೋಗಾಣುವಿನ ಶಂಕೆಯಿದ್ದಾಗ ವರದಿಗಾಗಿ ಕಾಯದೆ ನೀರನ್ನು ಕುದಿಸಿ ಕುಡಿಯುವಂತೆ ತಿಳಿಸುವುದು ಸೂಕ್ತ.

ನಿಗಾ ಕಾರ್ಯಕ್ರಮದ ರೂಪಣೆ

ಉದ್ದೇಶ

ಯಾವ ಅಂಕಿ ಬಂದರೆ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡುವುದು ಕಾರ್ಯಕ್ರಮದ ಆರಂಭವಾಗಿದೆ. ಉದಾಹರಣೆಗೆ, ಫ್ಲೋರೈಡ್ 1.5 ಮಿ.ಗ್ರಾಂ. ಮೀರಿದ ಕೊಳವೆಬಾವಿಯ ನೀರನ್ನು ಕುಡಿಯಲು ಮತ್ತು ಅಡುಗೆಗೆ ಬಳಸದಂತೆ ಗುರುತು ಹಾಕಿ, ಬೇರೆ ಮೂಲ ಒದಗಿಸುವುದು.

ಸ್ಥಳ

ಫ್ಲೋರೈಡ್‌ಗಾಗಿ ಕುಡಿಯಲು ಬಳಸುವ ಪ್ರತಿಯೊಂದು ಕೊಳವೆಬಾವಿಯನ್ನೂ ಪರೀಕ್ಷಿಸಬೇಕು. ಶಿಲೆಯ ಬಿರುಕುಗಳು ಬೇರೆ ಬೇರೆಯಾಗಿರುವುದರಿಂದ ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಪ್ರಮಾಣ ಭಿನ್ನವಾಗಿರಬಹುದು. ರೋಗಾಣುವಿಗಾಗಿ ಮೂಲ, ಮೇಲ್ತೊಟ್ಟಿ ಮತ್ತು ಪೈಪಿನ ಕೊನೆಯ ಮನೆಯ ನಲ್ಲಿ ಎಂಬ ಮೂರು ಕಡೆ ಮಾದರಿ ಬೇಕು. ಆಗ ಮಾಲಿನ್ಯ ಸೇರಿದ ಭಾಗವನ್ನು ಗುರುತಿಸಬಹುದು. ಹಳ್ಳ ಅಥವಾ ನದಿಗೆ ಊರಿನ ಚರಂಡಿ ಇಲ್ಲವೆ ಕಾರ್ಖಾನೆಯ ನೀರು ಸೇರುವಲ್ಲಿ, ಸೇರುವ ಸ್ಥಳದ ಮೇಲೆ ಒಂದು ಮತ್ತು ನೀರು ಪೂರ್ತಿ ಬೆರೆತ ನಂತರ ಕೆಳಗೆ ಒಂದು ಮಾದರಿ ಅಗತ್ಯ.

ಆವರ್ತನ

ಫ್ಲೋರೈಡ್ ಪ್ರಮಾಣ ದಿನದಿಂದ ದಿನಕ್ಕೆ ಹೆಚ್ಚು ಬದಲಾಗದು. ಮುಂಗಾರಿಗೆ ಮುನ್ನ ಮೇ ತಿಂಗಳಿನಲ್ಲೊಮ್ಮೆ, ಮಳೆ ಮುಗಿದ ಮೇಲೆ ನವೆಂಬರಿನಲ್ಲೊಮ್ಮೆ ಪರೀಕ್ಷಿಸಿದರೆ ಋತುಮಾನದ ಅಂತರ ತಿಳಿಯುತ್ತದೆ. ರೋಗಾಣುವಿಗೆ ಇದು ಸಾಲದು. ವರ್ಷದಲ್ಲಿ ಹತ್ತು ದಿನಕ್ಕೊಂದು ದಿನದಂತೆ ನೀರು ಕಲುಷಿತವಾಗುವ ಒಂದು ನಲ್ಲಿಯನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ ಎರಡು ಮಾದರಿ ತೆಗೆದರೆ ಆ ದೋಷ ಒಮ್ಮೆಯಾದರೂ ಪತ್ತೆಯಾಗುವ ಸಂಭವ ಶೇ. 19 ಮಾತ್ರ. ತಿಂಗಳಿಗೊಂದು ತೆಗೆದರೆ ಶೇ. 72, ತಿಂಗಳಿಗೆ ಎರಡು ತೆಗೆದರೆ ಶೇ. 92. ಐದು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಕೊಳವೆ ನೀರಿನ ವ್ಯವಸ್ಥೆಗೆ ವರ್ಷಕ್ಕೆ ಕನಿಷ್ಠ 12 ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಮೊದಲ ಮಳೆಯ ನಂತರ, ಪೈಪು ದುರಸ್ತಿಯ ನಂತರ ಮತ್ತು ಜಾತ್ರೆಯ ಕಾಲದಲ್ಲಿ ಹೆಚ್ಚುವರಿ ಮಾದರಿ ತೆಗೆಯುವುದು ಉಚಿತ. ಪ್ರಯೋಗಾಲಯದ ಪರೀಕ್ಷೆಗಳ ನಡುವಿನ ದಿನಗಳಲ್ಲಿ ನಲ್ಲಿಯ ಉಳಿಕೆ ಕ್ಲೋರಿನ್ ಅಳೆಯುವುದು ಸುಲಭವೂ ಅಗ್ಗವೂ ಆದ ಕಾವಲಾಗಿದೆ. ಅದು ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು.

ಆರಂಭದ ಸ್ಥಿತಿ

ಯಾವುದೇ ಸುಧಾರಣೆಗೆ ಮುಂಚಿನ ಅಳತೆ ಇಲ್ಲದಿದ್ದರೆ ನಂತರದ ಅಳತೆಯಿಂದ ಪ್ರಯೋಜನ ಕಡಿಮೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಅವರ ನೇತೃತ್ವದಲ್ಲಿ ತುಂಗಭದ್ರೆಯ ಉಪನದಿಯಾದ ಹಿರೇಹಳ್ಳವನ್ನು ಸಾರ್ವಜನಿಕರ ಸಹಭಾಗಿತ್ವದಲ್ಲಿ ಸ್ವಚ್ಛಗೊಳಿಸಲಾಯಿತು. ಇಂತಹ ಕಾರ್ಯಗಳಲ್ಲಿ ಹರಿವು ಹೆಚ್ಚಿದ್ದು ಕಣ್ಣಿಗೆ ಕಾಣುತ್ತದೆ. ನೀರಿನ ಗುಣ ಬದಲಾಯಿತೇ ಎಂಬುದನ್ನು ಕೆಲಸಕ್ಕೆ ಮುನ್ನ ಮತ್ತು ನಂತರ ಅದೇ ಸ್ಥಳ, ಅದೇ ಋತುವಿನಲ್ಲಿ ತೆಗೆದ ಮಾದರಿಗಳು ಮಾತ್ರ ಹೇಳಬಲ್ಲವು.

ಪರೀಕ್ಷೆಯ ಪರೀಕ್ಷೆ

ಸುಮಾರು ಹತ್ತು ಮಾದರಿಗೆ ಒಂದರಂತೆ ಜೋಡಿ ಮಾದರಿಯನ್ನೂ, ಶುದ್ಧ ನೀರು ತುಂಬಿದ ಖಾಲಿ ಮಾದರಿಯನ್ನೂ ಕಳುಹಿಸುವುದು ವಾಡಿಕೆ. ಜೋಡಿಯ ಅಂಕಿಗಳು ಹೊಂದದಿದ್ದರೆ, ಅಥವಾ ಶುದ್ಧ ನೀರಿನಲ್ಲೂ ಕಲ್ಮಶ ಕಂಡರೆ, ದೋಷವು ಮಾದರಿ ತೆಗೆದ ವಿಧಾನದಲ್ಲಿ ಅಥವಾ ಪರೀಕ್ಷೆಯಲ್ಲಿದೆ.

ಫಲಿತಾಂಶಗಳ ಅರ್ಥೈಸುವಿಕೆ

ಸರಾಸರಿಯು ಹಲವು ವೇಳೆ ದಾರಿ ತಪ್ಪಿಸುತ್ತದೆ. ಒಂದು ಊರಿನ ನಾಲ್ಕು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕ್ರಮವಾಗಿ 0.6, 0.8, 0.9 ಮತ್ತು 3.3 ಮಿ.ಗ್ರಾಂ. ಇದೆಯೆಂದು ಭಾವಿಸಿದರೆ ಸರಾಸರಿ 1.4 ಆಗುತ್ತದೆ. ಇದು ಗರಿಷ್ಠ ಮಿತಿಯೊಳಗಿದೆ. ಆದರೆ ನಾಲ್ಕನೆಯ ಬಾವಿಯ ನೀರು ಕುಡಿಯುವ ಓಣಿಯ ಮಕ್ಕಳು ಮಿತಿಯ ಎರಡು ಪಟ್ಟಿಗೂ ಮೀರಿದ ಫ್ಲೋರೈಡ್ ಸೇವಿಸುತ್ತಿರುತ್ತಾರೆ. ಆದ್ದರಿಂದ ಫಲಿತಾಂಶಗಳನ್ನು ಬಾವಿವಾರು ಪ್ರಕಟಿಸಬೇಕು.

ವರದಿಯ ಅಂಕಿಗಳು ಪರಸ್ಪರ ಹೊಂದುತ್ತವೆಯೇ ಎಂದೂ ನೋಡಬೇಕು. ಕರಗಿದ ಲವಣಗಳ ಪ್ರಮಾಣವು ಸಾಮಾನ್ಯವಾಗಿ ವಿದ್ಯುದ್ವಾಹಕತೆಯ ಸುಮಾರು 0.65 ಭಾಗದಷ್ಟಿರುತ್ತದೆ. ಇವೆರಡರಲ್ಲಿ ದೊಡ್ಡ ಅಂತರ ಕಂಡರೆ ಪರೀಕ್ಷೆಯನ್ನು ಮರಳಿ ಮಾಡಿಸಬೇಕು. "ಪತ್ತೆಯಾಗಿಲ್ಲ" ಎಂಬ ಮಾತಿಗೆ ಆ ದಿನ, ಆ ಸೀಸೆಯಲ್ಲಿ, ಆ ವಿಧಾನಕ್ಕೆ ಸಿಕ್ಕಿಲ್ಲ ಎಂದಷ್ಟೇ ಅರ್ಥ.

ಸಂಬಂಧಿತ ಸಂಸ್ಥೆಗಳು

ಗ್ರಾಮಗಳ ಕುಡಿಯುವ ನೀರಿನ ಪರೀಕ್ಷೆಯನ್ನು ರಾಜ್ಯದ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ನಡೆಸುತ್ತವೆ. ನದಿ ಮತ್ತು ಕೆರೆಗಳ ನಿಗಾವನ್ನು 1974ರ ಜಲಮಾಲಿನ್ಯ ಕಾಯ್ದೆಯಡಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಡಿಕೊಳ್ಳುತ್ತದೆ. ಕೇಂದ್ರ ಜಲ ಆಯೋಗವು ನದಿಗಳಲ್ಲಿಯೂ, ಕೇಂದ್ರ ಅಂತರ್ಜಲ ಮಂಡಳಿಯು ಆಯ್ದ ಬಾವಿಗಳಲ್ಲಿಯೂ ನಿಗಾ ನಡೆಸುತ್ತವೆ. ಈ ಸಂಸ್ಥೆಗಳ ಅಂಕಿಗಳು ಪರಸ್ಪರ ಹೋಲಿಕೆಗೆ ಒದಗುವಂತೆ ಮಾಡಲು ಕೇಂದ್ರ ಪರಿಸರ ಸಚಿವಾಲಯವು 2005ರಲ್ಲಿ ಏಕರೂಪದ ನಿಯಮಾವಳಿಯನ್ನು ಹೊರಡಿಸಿತು. ಮಾದರಿ ಮತ್ತು ಪರೀಕ್ಷೆಯ ವಿಧಾನಗಳನ್ನು ಐಎಸ್ 3025 ಸರಣಿಯಲ್ಲಿ ವಿವರಿಸಲಾಗಿದೆ.

ಕಲಿಕೆ

ಮಾದರಿ ಸಂಗ್ರಹಣೆಯನ್ನು ಕಲಿಯಲು ದುಬಾರಿ ಉಪಕರಣಗಳಿಂದ ಆರಂಭಿಸಬೇಕಾಗಿಲ್ಲ. ಊರಿನ ನಕ್ಷೆ ಬರೆದು ಅದರಲ್ಲಿ ಎಲ್ಲ ಕೊಳವೆಬಾವಿ, ತೊಟ್ಟಿ, ಪೈಪಿನ ದಾರಿ, ಚರಂಡಿ ಮತ್ತು ತಿಪ್ಪೆಗಳನ್ನು ಗುರುತಿಸುವುದು ಮೊದಲ ಪಾಠ. ಒಂದೇ ನಲ್ಲಿಯಿಂದ ಇಬ್ಬರು ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಮಾದರಿ ತೆಗೆದು ಕಿಟ್‌ನಿಂದ ಪರೀಕ್ಷಿಸಿ ಹೋಲಿಸುವುದು ಎರಡನೆಯ ಪಾಠ. ಎರಡು ಅಂಕಿಗಳ ನಡುವಿನ ಅಂತರವು ವಿಧಾನದ ಶಿಸ್ತು ಏಕೆ ಬೇಕೆಂಬುದನ್ನು ತೋರಿಸುತ್ತದೆ. ಮೂರನೆಯದಾಗಿ, ಅದೇ ಸ್ಥಳಗಳಲ್ಲಿ ಇಡೀ ವರ್ಷ ಅಳತೆ ಮುಂದುವರಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬಾವಿಯ ಹೆಸರಿನೊಂದಿಗೆ ಬರೆಯಬಹುದು. ನೀರು ತುಂಬಿಕೊಳ್ಳಲು ಬರುವವರು ಯಾವ ಬಾವಿಯ ನೀರು ಕುಡಿಯಲು ಯೋಗ್ಯ, ಯಾವುದು ಬಟ್ಟೆ ಪಾತ್ರೆ ತೊಳೆಯಲು ಮಾತ್ರ ಎಂಬುದನ್ನು ಅಲ್ಲಿಯೇ ತಿಳಿಯುವಂತಾದಾಗ ನಿಗಾ ಕಾರ್ಯಕ್ರಮದ ಉದ್ದೇಶ ಈಡೇರುತ್ತದೆ.